ಟೆಂಪೆಲ್ 1 ಧೂಮಕೇತು: ಅವಧಿ ಗೊತ್ತಿದ್ದೂ 88 ವರ್ಷ ಕಾಣೆಯಾದದ್ದು ಹೇಗೆ?

ಕೃತ್ತಿಕಾ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘದಲ್ಲಿ ಧೂಮಕೇತುಗಳ ಬಗ್ಗೆ ಮಾತನಾಡುವ ಹೊಣೆ ನನಗೆ ಬಂದಿದೆ. ಹ್ಯಾಲಿ ಧೂಮಕೇತುವಿನ ವಿಚಾರ ಮಕ್ಕಳಿಗೆ ಹೇಗೂ ಅಲ್ಲಿ ಇಲ್ಲಿ ಓದಲು ಸಿಗುತ್ತದೆ ಎಂದು ಅದನ್ನು ಬಿಟ್ಟು, 9ಪಿ/ಟೆಂಪೆಲ್ 1 ಎಂಬುದನ್ನು ಆರಿಸಿಕೊಂಡಿದ್ದೇನೆ. 1867ರಲ್ಲಿ ಪತ್ತೆಯಾದ, ಸುಮಾರು ಐದೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತಿಬರುವ, 2005ರಲ್ಲಿ ನಾಸಾ ಬೇಕೆಂದೇ ಒಂದು ನೌಕೆಯನ್ನು ಢಿಕ್ಕಿ ಹೊಡೆಸಿದ ಕಾಯ ಇದು ಎಂಬಷ್ಟು ನನಗೆ ತಿಳಿದಿದೆ.

ಓದುತ್ತಾ ಹೋದಂತೆ ಎರಡು ಕಡೆ ತೊಡಕಾಯಿತು. 1867, 1873 ಮತ್ತು 1879ರಲ್ಲಿ ಕ್ರಮವಾಗಿ ಕಾಣಿಸಿಕೊಂಡ ಧೂಮಕೇತು ಆಮೇಲೆ 1967ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಅವಧಿ ಗೊತ್ತಿರುವ, ಮೂರು ಬಾರಿ ನೋಡಿಯೂ ಇರುವ ಕಾಯ ತಪ್ಪಿಹೋಗುವುದು ಹೇಗೆ ಸಾಧ್ಯ? ಮತ್ತೆ ಸಿಕ್ಕಾಗ ಅದರ ಅವಧಿಯೇ ಬೇರೆಯಾಗಿತ್ತು ಎನ್ನುವುದಾದರೆ, ಅದು ಹಳೆಯ ಧೂಮಕೇತುವೇ ಎಂದು ಹೇಳಲು ಆಧಾರವೇನು? ಇನ್ನೊಂದು ಸಂದೇಹ ಢಿಕ್ಕಿಯ ಕುರಿತಾದದ್ದು. ಕುಳಿ ಮಾಡಿ ಒಳಭಾಗವನ್ನು ನೋಡಬೇಕೆಂದೇ ಹೋದ ನೌಕೆಗೆ ಆ ಕುಳಿಯೇ ಕಾಣಲಿಲ್ಲ ಎಂದು ಓದಿದೆ. ಹಾಗಾದರೆ ಆ ಯಾತ್ರೆಯಿಂದ ತಿಳಿದದ್ದೇನು? ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುವಂತೆ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಗಣಿತದ ಮೇಷ್ಟ್ರು:

ಕೃತ್ತಿಕಾ ಅವರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಗುರುಗ್ರಹದಲ್ಲಿದೆ. ಧೂಮಕೇತುವಿನ ಅವಧಿ ಎಂದು ನಾವು ಪುಸ್ತಕದಲ್ಲಿ ಬರೆದಿಡುವ ಸಂಖ್ಯೆ ಶಾಶ್ವತವಾದದ್ದಲ್ಲ. ಗ್ರಹಗಳ ಸೆಳೆತಕ್ಕೆ ಒಳಗಾಗದೆ ಸಾಗುವಷ್ಟು ಕಾಲ ಮಾತ್ರ ಅದು ಸರಿಯಿರುತ್ತದೆ.

ಟೆಂಪೆಲ್ 1ರ ದೀರ್ಘವೃತ್ತವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ. ಸೂರ್ಯನಿಗೆ ಅತಿ ಸಮೀಪದ ಬಿಂದುವಾದ ಪುರರವಿ ಇತ್ತೀಚಿನ ಸುತ್ತುಗಳಲ್ಲಿ ಸುಮಾರು 1.5 ಖಗೋಳಮಾನದಷ್ಟು (ಒಂದು ಖಗೋಳಮಾನ ಎಂದರೆ ಭೂಮಿಗೂ ಸೂರ್ಯನಿಗೂ ನಡುವಿನ ಸರಾಸರಿ ದೂರ) ದೂರದಲ್ಲಿತ್ತು, ಅಂದರೆ ಹೆಚ್ಚುಕಡಿಮೆ ಮಂಗಳನ ಕಕ್ಷೆಯ ಬಳಿ. ಅತಿ ದೂರದ ಬಿಂದುವಾದ ಅಪರವಿ ಸುಮಾರು 4.7 ಖಗೋಳಮಾನ. ಗುರು ಸೂರ್ಯನಿಂದ 5.2 ಖಗೋಳಮಾನದಲ್ಲಿದೆ. ಧೂಮಕೇತುವಿನ ಕಕ್ಷೆ ಗ್ರಹಗಳ ಸಮತಲಕ್ಕೆ ಹತ್ತು ಡಿಗ್ರಿಯಷ್ಟು ಮಾತ್ರ ಓರೆಯಾಗಿರುವುದರಿಂದ, ಅದು ಅಪರವಿಯ ಕಡೆ ಇರುವಾಗ ಗುರುವೂ ಅದೇ ದಿಕ್ಕಿನಲ್ಲಿದ್ದರೆ ಇಬ್ಬರ ನಡುವಿನ ಅಂತರ ಅರ್ಧ ಖಗೋಳಮಾನಕ್ಕೆ ಇಳಿದುಬಿಡುತ್ತದೆ. ಅಪರವಿಯಲ್ಲಿ ಧೂಮಕೇತು ಅತಿ ನಿಧಾನವಾಗಿ ಚಲಿಸುತ್ತಿರುತ್ತದೆ ಎಂಬುದನ್ನೂ ಮಕ್ಕಳಿಗೆ ನೆನಪಿಸಿ, ಏಕೆಂದರೆ ಸೆಳೆತ ತಿಂಗಳುಗಟ್ಟಲೆ ನಡೆಯುವುದು ಅದೇ ಕಾರಣಕ್ಕೆ.

1881ರಲ್ಲಿ ಆದದ್ದು ಇದೇ. ಧೂಮಕೇತು ಗುರುವಿನಿಂದ 0.55 ಖಗೋಳಮಾನ ದೂರದಲ್ಲಿ ಹಾದುಹೋಯಿತು. ಗುರುವಿನ ಮೇಲೆ ನಿಂತು ನೋಡುವವರಿಗೆ ಧೂಮಕೇತು ಬಂದ ವೇಗಕ್ಕೂ ಹೋದ ವೇಗಕ್ಕೂ ವ್ಯತ್ಯಾಸವಿರುವುದಿಲ್ಲ, ದಿಕ್ಕು ಮಾತ್ರ ತಿರುಗಿರುತ್ತದೆ. ಗುರು ತಾನೇ ಚಲಿಸುತ್ತಿರುವುದರಿಂದ, ಸೂರ್ಯನಿಂದ ನೋಡಿದಾಗ ಆ ದಿಕ್ಕಿನ ಬದಲಾವಣೆಯೇ ವೇಗದ ಬದಲಾವಣೆಯಾಗಿ ಕಾಣುತ್ತದೆ. ಆ ಬಾರಿ ಧೂಮಕೇತುವಿಗೆ ಶಕ್ತಿ ದೊರೆತು, ಪುರರವಿ ಸುಮಾರು 5 ಕೋಟಿ ಕಿಲೋಮೀಟರ್ ಹೊರಕ್ಕೆ ಸರಿದು 2.1 ಖಗೋಳಮಾನಕ್ಕೆ ಹೋಯಿತು, ಅವಧಿ ಆರೂವರೆ ವರ್ಷಕ್ಕೆ ಏರಿತು. ಒಂದು ಚಿಕ್ಕ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ಅವಧಿ 6.5 ವರ್ಷವಾದರೆ ಕೆಪ್ಲರನ ಮೂರನೆಯ ನಿಯಮದಂತೆ (ವರ್ಷಗಳಲ್ಲಿ ಅವಧಿಯ ವರ್ಗ = ಖಗೋಳಮಾನದಲ್ಲಿ ಅರೆದೀರ್ಘಾಕ್ಷದ ಘನ) ಕಕ್ಷೆಯ ಅರೆದೀರ್ಘಾಕ್ಷ, ಅಂದರೆ ದೀರ್ಘವೃತ್ತದ ಉದ್ದದ ಅರ್ಧ, ಸುಮಾರು 3.48 ಖಗೋಳಮಾನ. ಅದರ ಎರಡರಷ್ಟರಲ್ಲಿ 2.1 ಕಳೆದರೆ ಅಪರವಿ 4.86 ಬರುತ್ತದೆ. ಇತ್ತೀಚಿನ ಸುತ್ತುಗಳ 4.7ಕ್ಕೆ ಹೋಲಿಸಿ ನೋಡಿ. ಅಪರವಿ ಹೆಚ್ಚು ಕದಲಿಲ್ಲ, ಏರುಪೇರಾದದ್ದೆಲ್ಲ ಪುರರವಿಯದು. ಕಕ್ಷೆಯ ಒಂದು ತುದಿಯಲ್ಲಿ ವೇಗ ಬದಲಾದರೆ ಎದುರಿನ ತುದಿ ಸರಿಯುತ್ತದೆ ಎಂಬ ಮಾತು ಇಲ್ಲಿ ಅಂಕಿಗಳಲ್ಲೇ ಕಾಣುತ್ತದೆ, ಮತ್ತು ನನ್ನ ಮಟ್ಟಿಗೆ ಈ ಪಾಠದ ತಿರುಳು ಇದೇ.

ಪುರರವಿ ದೂರವಾದದ್ದರಿಂದ ಎರಡು ತೊಂದರೆಗಳು ಒಟ್ಟಿಗೆ ಬಂದವು. ಬರಬೇಕಾದ ದಿನ ತಪ್ಪಿತು, ಬಂದಾಗಲೂ ಮೊದಲಿನಷ್ಟು ಬೆಳಗಲಿಲ್ಲ. ಧೂಮಕೇತುವಿನ ಹೊಳಪು ಅದರ ಮಂಜುಗಡ್ಡೆ ಎಷ್ಟು ಆವಿಯಾಗುತ್ತದೆ ಎಂಬುದನ್ನು ಅವಲಂಬಿಸಿದೆ, ಮತ್ತು ಸೂರ್ಯನಿಂದ ಎರಡು ಖಗೋಳಮಾನ ದಾಟಿದ ಮೇಲೆ ನೀರಿನ ಮಂಜು ಆವಿಯಾಗುವುದು ಬಹಳ ಬೇಗ ತಗ್ಗುತ್ತದೆ. 1898 ಮತ್ತು 1905ರಲ್ಲಿ ಛಾಯಾಚಿತ್ರಗಳಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಧೂಮಕೇತು ಒಡೆದು ನಾಶವಾಗಿರಬೇಕೆಂದು ಆಗಿನವರು ಭಾವಿಸಿದರು. ಅವರನ್ನು ಆಕ್ಷೇಪಿಸುವಂತಿಲ್ಲ. ಬೀಲಾ ಎಂಬ ಇನ್ನೊಂದು ಅಲ್ಪಾವಧಿ ಧೂಮಕೇತು 1846ರಲ್ಲಿ ಎರಡಾಗಿ ಸೀಳಿದ್ದನ್ನು, 1852ರ ನಂತರ ಮತ್ತೆ ಬಾರದಿದ್ದುದನ್ನು, 1872ರಲ್ಲಿ ಅದರ ದಾರಿಯನ್ನು ಭೂಮಿ ದಾಟಿದಾಗ ಉಲ್ಕೆಗಳ ಮಳೆಯೇ ಸುರಿದದ್ದನ್ನು ಆ ತಲೆಮಾರು ಕಣ್ಣಾರೆ ಕಂಡಿತ್ತು.

ಇರುಳಬಾನು:

ಮೇಷ್ಟ್ರ ವಿವರಣೆಗೆ ಪತ್ತೆ ಮತ್ತು ಮರುಪತ್ತೆಯ ಇತಿಹಾಸವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಮಕ್ಕಳಿಗೆ ಕಕ್ಷೆಯಷ್ಟೇ ಮನುಷ್ಯರೂ ಮುಖ್ಯ.

ವಿಲ್ಹೆಲ್ಮ್ ಟೆಂಪೆಲ್ ವಿಶ್ವವಿದ್ಯಾಲಯದ ಖಗೋಳವಿಜ್ಞಾನಿಯಲ್ಲ. 1821ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿದ ಅವರ ಕಸುಬು ಕಲ್ಲಚ್ಚಿನ ಚಿತ್ರಗಾರಿಕೆ. ಇಟಲಿಯ ವೆನಿಸ್ ನಗರದಲ್ಲಿದ್ದಾಗ ನಾಲ್ಕು ಅಂಗುಲದ ದೂರದರ್ಶಕವೊಂದನ್ನು ಕೊಂಡು, ಹಳೆಯ ಅರಮನೆಯೊಂದರ ಸುರುಳಿ ಮೆಟ್ಟಿಲಿನ ಗೋಪುರದಿಂದ ಆಕಾಶವನ್ನು ನೋಡತೊಡಗಿದರು. 1859ರಲ್ಲಿ ಅಲ್ಲಿಂದಲೇ ಒಂದು ಧೂಮಕೇತುವನ್ನೂ, ಕೃತ್ತಿಕಾ ಪುಂಜದ ಮೆರೋಪಿ ನಕ್ಷತ್ರದ ಸುತ್ತಲಿನ ನೀಹಾರಿಕೆಯನ್ನೂ ಕಂಡುಹಿಡಿದರು. ನಿಮ್ಮ ಹೆಸರಿನ ಪುಂಜಕ್ಕೂ ನೀವು ಆರಿಸಿದ ಧೂಮಕೇತುವಿಗೂ ಹೀಗೊಂದು ನಂಟಿದೆ. ಮುಂದೆ ಫ್ರಾನ್ಸಿನ ಮಾರ್ಸೇಲ್ ನಗರಕ್ಕೆ ಹೋದ ಅವರು, 1867ರ ಏಪ್ರಿಲ್ 3ರ ರಾತ್ರಿ ಈ ಧೂಮಕೇತುವನ್ನು ಪತ್ತೆಹಚ್ಚಿದರು. ಆಗ ಲೆಕ್ಕಹಾಕಿದ ಅವಧಿ 5.68 ವರ್ಷ. ಫ್ರಾನ್ಸ್ ಮತ್ತು ಪ್ರಷ್ಯಾ ನಡುವಿನ ಯುದ್ಧದ ಕಾಲದಲ್ಲಿ, 1871ರಲ್ಲಿ, ಜರ್ಮನ್ ಎಂಬ ಕಾರಣಕ್ಕೆ ಅವರು ಆ ದೇಶವನ್ನೇ ಬಿಡಬೇಕಾಯಿತು. ಮಿಲಾನಿನಲ್ಲಿ ಕೆಲಕಾಲವಿದ್ದು, ಬಳಿಕ ಫ್ಲಾರೆನ್ಸಿನ ಆರ್ಚೆಟ್ರಿ ವೀಕ್ಷಣಾಲಯದಲ್ಲಿ ದುಡಿದು 1889ರಲ್ಲಿ ತೀರಿಕೊಂಡರು. ತಾವು ಕಂಡ ಧೂಮಕೇತು ಕಾಣೆಯಾದದ್ದು ಅವರ ಬದುಕಿನ ಕೊನೆಯ ವರ್ಷಗಳಲ್ಲೇ.

ಅದನ್ನು ಮರಳಿ ಹುಡುಕಿದ್ದು ಲೆಕ್ಕಾಚಾರ. 1963ರಲ್ಲಿ ಬ್ರಿಯಾನ್ ಮಾರ್ಸ್‌ಡೆನ್ ಎಂಬ ಖಗೋಳವಿಜ್ಞಾನಿ ಹಳೆಯ ವೀಕ್ಷಣೆಗಳನ್ನು ಆಧಾರವಾಗಿ ಇಟ್ಟುಕೊಂಡು, ಆ ಹೊತ್ತಿಗೆ ಕೈಗೆ ಬಂದಿದ್ದ ಕಂಪ್ಯೂಟರಿನಿಂದ ಗ್ರಹಗಳ ಸೆಳೆತವನ್ನೆಲ್ಲ ಸೇರಿಸಿ ಕಕ್ಷೆಯನ್ನು ಹೆಜ್ಜೆಹೆಜ್ಜೆಯಾಗಿ ಮುಂದಕ್ಕೆ ಲೆಕ್ಕಹಾಕಿದರು. 1941ರಲ್ಲಿ 0.41 ಖಗೋಳಮಾನದಷ್ಟು, 1953ರಲ್ಲಿ 0.77 ಖಗೋಳಮಾನದಷ್ಟು ಹತ್ತಿರದಿಂದ ಧೂಮಕೇತು ಮತ್ತೆ ಗುರುವನ್ನು ಹಾದುಹೋಗಿದೆ ಎಂದು ತಿಳಿಯಿತು. 1881ರಲ್ಲಿ ಹೊರಕ್ಕೆ ತಳ್ಳಿದ ಗುರುವೇ ಈ ಎರಡು ಬಾರಿ ಅದನ್ನು ಒಳಕ್ಕೆ ಎಳೆದು, ಅವಧಿಯನ್ನು ಮೊದಲು 5.84 ವರ್ಷಕ್ಕೂ ಆಮೇಲೆ 5.55 ವರ್ಷಕ್ಕೂ ಇಳಿಸಿತ್ತು. ಎಂದರೆ 1867ರಲ್ಲಿದ್ದುದಕ್ಕಿಂತಲೂ ಕಡಿಮೆ. ಧೂಮಕೇತು ನೋಡಲು ಅನುಕೂಲವಾದ ಕಕ್ಷೆಗೆ ಮರಳಿತ್ತು, ಆದರೆ ಅದನ್ನು ಹುಡುಕುವವರೇ ಇರಲಿಲ್ಲ.

ಮಾರ್ಸ್‌ಡೆನ್ ಹೇಳಿದ ಜಾಗಗಳನ್ನು 1967ರಲ್ಲಿ ಅಮೆರಿಕದ ಅರಿಜೋನಾದಿಂದ ಎಲಿಜಬೆತ್ ರೋಮರ್ ಛಾಯಾಚಿತ್ರ ತೆಗೆದರು. ಮೊದಲ ನೋಟಕ್ಕೆ ಏನೂ ಕಾಣಲಿಲ್ಲ. 1968ರ ಕೊನೆಯಲ್ಲಿ ಅವೇ ಫಲಕಗಳನ್ನು ಮತ್ತೊಮ್ಮೆ ಪರಿಶೀಲಿಸಿದಾಗ, 1967ರ ಜೂನ್ 8ರ ಒಂದೇ ಒಂದು ಫಲಕದಲ್ಲಿ, ಲೆಕ್ಕ ಹೇಳಿದ ಸ್ಥಾನಕ್ಕೆ ತೀರ ಸಮೀಪದಲ್ಲಿ, 18ನೇ ಕಾಂತಿಮಾನದ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಸುಕು) ಚುಕ್ಕೆಯೊಂದು ಸಿಕ್ಕಿತು. ಒಂದು ಚುಕ್ಕೆಯಿಂದ ಕಕ್ಷೆ ಕಟ್ಟಲಾಗದು, ಆದ್ದರಿಂದ ಅವರು ಮುಂದಿನ ಸುತ್ತಿಗೆ ಕಾದರು. 1972ರ ಜನವರಿ 11ರಂದು ರೋಮರ್ ಮತ್ತು ಅವರ ಸಹೋದ್ಯೋಗಿ ವಾನ್ ಧೂಮಕೇತುವನ್ನು ನಿಸ್ಸಂದೇಹವಾಗಿ ಕಂಡರು. ಆ ವರ್ಷ ಮೇ ತಿಂಗಳಲ್ಲಿ ಅದು 11ನೇ ಕಾಂತಿಮಾನದವರೆಗೆ ಬೆಳಗಿತು.

ಹಳೆಯದೇ ಎನ್ನಲು ಆಧಾರವೇನು ಎಂದು ಕೇಳಿದ್ದೀರಿ. ಆಧಾರ ಇದೇ: 1867ರಿಂದ 1879ರವರೆಗಿನ ಸ್ಥಾನಗಳಿಂದ ಹೊರಟು, ನಡುವಿನ ಸೆಳೆತಗಳನ್ನೆಲ್ಲ ಕೂಡಿಸಿ, ಒಂದೇ ಗಣನೆಯಲ್ಲಿ 1967 ಮತ್ತು 1972ರ ಸ್ಥಾನಗಳಿಗೆ ಬಂದು ಮುಟ್ಟಬಹುದು. ಬೇರೊಂದು ಧೂಮಕೇತು ಆಕಸ್ಮಿಕವಾಗಿ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅದೇ ವೇಗದಿಂದ ಚಲಿಸುತ್ತಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

ಗಣಿತದ ಮೇಷ್ಟ್ರು:

ಇರುಳಬಾನು ಅವರು ಹೇಳಿದ್ದಕ್ಕೆ ಒಂದು ಮಾತು. ಗುರುವಿನ ಬಳಿ ಹಾದುಹೋದ ಕಾಯವನ್ನು ಗುರುತಿಸಲು ಹತ್ತೊಂಬತ್ತನೆಯ ಶತಮಾನದಲ್ಲೇ ಫ್ರಾನ್ಸಿನ ಖಗೋಳವಿಜ್ಞಾನಿ ಟಿಸೆರಾಂಡ್ ಒಂದು ಉಪಾಯ ಕಂಡುಕೊಂಡಿದ್ದರು. ಅವಧಿ, ಕಕ್ಷೆಯ ಉದ್ದ, ಓರೆ ಇವೆಲ್ಲ ಬದಲಾದರೂ, ಅವುಗಳನ್ನು ಒಂದು ನಿರ್ದಿಷ್ಟ ಸೂತ್ರದಲ್ಲಿ ಸೇರಿಸಿದಾಗ ಬರುವ ಮೊತ್ತ ಸಮಾಗಮದ ಮೊದಲೂ ಆಮೇಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಟೆಂಪೆಲ್ 1ರ ಮಟ್ಟಿಗೆ ಅದು ಈಗ ಸುಮಾರು 2.97. ಗುರುಕುಟುಂಬದ ಧೂಮಕೇತುಗಳು ಎಂದು ಕರೆಯುವುದು ಈ ಬೆಲೆ 2ರಿಂದ 3ರ ಒಳಗಿರುವವನ್ನೇ.

ಎಲ್ಲ ಧೂಮಕೇತುಗಳಿಗೂ ಮರಳುವ ಭಾಗ್ಯವಿರುವುದಿಲ್ಲ. 1770ರಲ್ಲಿ ಖಗೋಳವಿಜ್ಞಾನಿ ಮೆಸ್ಸಿಯೆ ಕಂಡ ಧೂಮಕೇತುವಿಗೆ ಐದೂವರೆ ವರ್ಷದ ಅವಧಿ ಎಂದು ಲೆಕ್ಸೆಲ್ ಎಂಬ ಇನ್ನೊಬ್ಬ ಖಗೋಳವಿಜ್ಞಾನಿ ಲೆಕ್ಕಹಾಕಿದ್ದರು. 1779ರಲ್ಲಿ ಗುರುವಿನ ಸಮೀಪಕ್ಕೆ ಹೋದ ಅದನ್ನು ಮತ್ತೆ ಯಾರೂ ನೋಡಿಲ್ಲ.

ನೌಕಾಯಾನ:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಧೂಮಕೇತುವಿಗೆ ಢಿಕ್ಕಿ ಹೊಡೆಸಲು ನಾಸಾ ಕಳಿಸಿದ ಡೀಪ್ ಇಂಪ್ಯಾಕ್ಟ್ ನೌಕೆ 2005ರ ಜನವರಿ 12ರಂದು ಹೊರಟಿತು. ಯೋಜನೆಯ ವಿಜ್ಞಾನ ಮುಖ್ಯಸ್ಥರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮೈಕೆಲ್ ಅಹರ್ನ್. ಇದರಲ್ಲಿ ಎರಡು ಭಾಗಗಳಿದ್ದವು: ಹಾದುಹೋಗುತ್ತಾ ನೋಡುವ ಮಾತೃನೌಕೆ ಮತ್ತು ಸುಮಾರು 370 ಕಿಲೋಗ್ರಾಂ ತೂಕದ ಢಿಕ್ಕಿನೌಕೆ. ಢಿಕ್ಕಿನೌಕೆಯ ಅರ್ಧದಷ್ಟು ತೂಕ ತಾಮ್ರದ್ದು. ಈ ಆಯ್ಕೆಯ ಹಿಂದೆ ಒಳ್ಳೆಯ ವಿಚಾರವಿದೆ. ಧೂಮಕೇತುವಿನಲ್ಲಿ ತಾಮ್ರ ಇರುವ ನಿರೀಕ್ಷೆ ಇಲ್ಲದ್ದರಿಂದ, ಢಿಕ್ಕಿಯಿಂದ ಎದ್ದ ಬೆಳಕಿನ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ನೌಕೆಯದು ಯಾವುದು, ಧೂಮಕೇತುವಿನದು ಯಾವುದು ಎಂದು ಬೇರ್ಪಡಿಸುವುದು ಸುಲಭವಾಗುತ್ತದೆ.

ಢಿಕ್ಕಿಗೆ ಒಂದು ದಿನ ಮೊದಲು ಎರಡೂ ಭಾಗಗಳು ಬೇರೆಯಾದವು. ಭೂಮಿಯಿಂದ ಸಂಕೇತ ತಲುಪಲು ಏಳು ನಿಮಿಷಕ್ಕೂ ಹೆಚ್ಚು ಬೇಕಿದ್ದುದರಿಂದ ಕೊನೆಯ ಹಂತದಲ್ಲಿ ಇಲ್ಲಿಂದ ನಿಯಂತ್ರಿಸುವುದು ಆಗದ ಮಾತು. ಢಿಕ್ಕಿನೌಕೆ ತನ್ನ ಕ್ಯಾಮೆರಾದ ಚಿತ್ರಗಳನ್ನು ತಾನೇ ಓದಿ, ಕೊನೆಯ ಎರಡು ಗಂಟೆಗಳಲ್ಲಿ ಮೂರು ಬಾರಿ ದಾರಿ ತಿದ್ದಿಕೊಂಡಿತು. ಸೆಕೆಂಡಿಗೆ 10 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗುತ್ತಾ, ನೆಲ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಕಡಿಮೆ ಇರುವವರೆಗೂ ಚಿತ್ರ ಕಳಿಸಿತು. ಢಿಕ್ಕಿಯ ಸುದ್ದಿ ಭೂಮಿಗೆ ಮುಟ್ಟಿದಾಗ ನಮ್ಮಲ್ಲಿ ಜುಲೈ 4ರ ಬೆಳಗ್ಗೆ 11 ಗಂಟೆ 22 ನಿಮಿಷ, ಹಾಗಾಗಿ ಆ ಕ್ಷಣವನ್ನು ಭಾರತದಿಂದ ದೂರದರ್ಶಕದಲ್ಲಿ ನೋಡುವಂತಿರಲಿಲ್ಲ. ಬಿಡುಗಡೆಯಾದ ಶಕ್ತಿ ಸುಮಾರು 4.7 ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ.

ಕುಳಿ ಕಾಣದಿರಲು ಕಾರಣ ಧೂಳು. ಹಾರಿಬಂದದ್ದು ಹರಳುಹರಳಾದ ಮಂಜಲ್ಲ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಪುಡಿ, ಅದೂ ಅಪಾರ ಪ್ರಮಾಣದಲ್ಲಿ. ಮಾತೃನೌಕೆಗೆ ನೋಡಲು ಇದ್ದದ್ದು ಹದಿಮೂರು ಹದಿನಾಲ್ಕು ನಿಮಿಷ ಮಾತ್ರ. ಆಮೇಲೆ 500 ಕಿಲೋಮೀಟರ್ ಅಂತರದಲ್ಲಿ ಹಾದುಹೋಗುವಾಗ ಧೂಳಿನ ಹೊಡೆತದಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕವಚವನ್ನು ಮುಂದೆ ಮಾಡಿ ತಿರುಗಲೇಬೇಕಿತ್ತು. ಅಷ್ಟರೊಳಗೆ ಧೂಳು ತಿಳಿಯಾಗಲಿಲ್ಲ.

ಆದರೆ ಅದೇ ಧೂಳು ಒಂದು ಫಲಿತಾಂಶ, ಇದನ್ನು ಮಕ್ಕಳಿಗೆ ಒತ್ತಿಹೇಳಿ ಎಂದು ಕೇಳಿಕೊಳ್ಳುತ್ತೇನೆ. ಅಷ್ಟು ಸಣ್ಣ ಕಣಗಳು ಸಡಿಲವಾಗಿ ಕೂಡಿಕೊಂಡಿವೆ ಎಂದಾದರೆ ಧೂಮಕೇತು ಗಟ್ಟಿ ಮಂಜಿನ ಬಂಡೆಯಲ್ಲ. 7.6 ಕಿಲೋಮೀಟರ್ ಉದ್ದ, 4.9 ಕಿಲೋಮೀಟರ್ ಅಗಲದ ಆ ಕಾಯದ ಸಾಂದ್ರತೆ ನೀರಿನ ಅರ್ಧದಷ್ಟೇ ಎಂಬುದು ಆಮೇಲಿನ ಅಂದಾಜು, ಅಂದರೆ ಒಳಗೆ ಕಣಗಳ ನಡುವೆ ಬಹುಪಾಲು ಖಾಲಿ ಜಾಗ. ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 4ರಷ್ಟನ್ನು ಮಾತ್ರ ಹಿಂದಿರುಗಿಸುವಷ್ಟು ಕಪ್ಪು, ಮತ್ತು ಅದರ ಮೇಲೆ ನೀರಿನ ಮಂಜು ಕಂಡದ್ದು ತೀರ ಚಿಕ್ಕ ತೇಪೆಗಳಲ್ಲಿ. ನಾಸಾದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಆ ಧೂಳಿನ ಅವಗೆಂಪು ರೋಹಿತವನ್ನು ನೋಡಿದಾಗ ಹರಳುಗಟ್ಟಿದ ಸಿಲಿಕೇಟುಗಳ (ಕಲ್ಲುಮಣ್ಣಿನಲ್ಲಿರುವಂಥ ಖನಿಜಗಳ) ಗುರುತು ಸಿಕ್ಕಿತು. ಸಿಲಿಕೇಟು ಹರಳಾಗಲು ಹೆಚ್ಚಿನ ಶಾಖ ಬೇಕು. ಅಂದರೆ ಚಳಿಯ ಹೊರವಲಯದಲ್ಲಿ ರೂಪುಗೊಂಡ ಧೂಮಕೇತುವಿನೊಳಗೆ, ಎಳೆಯ ಸೂರ್ಯನ ಸಮೀಪ ಕಾದ ಪದಾರ್ಥವೂ ಸೇರಿಕೊಂಡಿರಬೇಕು ಎಂಬ ವಿಚಾರಕ್ಕೆ ಬಲ ಬಂತು. ಸ್ಟಾರ್‌ಡಸ್ಟ್ ನೌಕೆ ವಿಲ್ಟ್ 2 ಎಂಬ ಬೇರೊಂದು ಧೂಮಕೇತುವಿನಿಂದ 2006ರಲ್ಲಿ ತಂದುಕೊಟ್ಟ ಕಣಗಳಲ್ಲೂ ಅಂಥ ಪದಾರ್ಥ ಸಿಕ್ಕಿತು.

ಕುಳಿಯನ್ನು ಕೊನೆಗೆ ನೋಡಿದ್ದೂ ಆ ಸ್ಟಾರ್‌ಡಸ್ಟ್ ನೌಕೆಯೇ. ಕಣಗಳ ಪೆಟ್ಟಿಗೆಯನ್ನು ಭೂಮಿಗೆ ಇಳಿಸಿದ ಮೇಲೂ ಅದರಲ್ಲಿ ಸ್ವಲ್ಪ ಇಂಧನ ಉಳಿದಿತ್ತು. ಅದನ್ನು ಟೆಂಪೆಲ್ 1ರ ಕಡೆ ತಿರುಗಿಸಲಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಧೂಮಕೇತು ತನ್ನ ಸುತ್ತ ತಾನು ತಿರುಗಲು ಸುಮಾರು 41 ಗಂಟೆ ತೆಗೆದುಕೊಳ್ಳುತ್ತದೆ. ಹೊರಚಿಮ್ಮುವ ಅನಿಲದಿಂದ ಆ ವೇಗವೂ ಮೆಲ್ಲನೆ ಬದಲಾಗುತ್ತಿರುತ್ತದೆ. ತಪ್ಪು ಹೊತ್ತಿಗೆ ತಲುಪಿದರೆ ಢಿಕ್ಕಿಯ ಜಾಗ ಆಚೆ ಬದಿಯಲ್ಲಿರುತ್ತದೆ. ತಂಡದವರು ಐದಾರು ವರ್ಷಗಳ ತಿರುಗುವಿಕೆಯನ್ನು ಮುಂಚಿತವಾಗಿ ಲೆಕ್ಕಹಾಕಿ, 2010ರ ಫೆಬ್ರವರಿಯಲ್ಲೇ ಎಂಜಿನನ್ನು ಉರಿಸಿ ನೌಕೆ ತಲುಪುವ ಸಮಯವನ್ನು ಎಂಟು ಗಂಟೆಗೂ ಮಿಕ್ಕಿ ಮುಂದಕ್ಕೆ ಹಾಕಿದರು. ಒಂದು ವರ್ಷದ ಬಳಿಕ, ಅಮೆರಿಕದ ಕಾಲಮಾನದಂತೆ 2011ರ ಫೆಬ್ರವರಿ 14ರ ರಾತ್ರಿ, ನಮ್ಮಲ್ಲಿ 15ರ ಬೆಳಗ್ಗೆ, ಸುಮಾರು 180 ಕಿಲೋಮೀಟರ್ ಅಂತರದಿಂದ ತೆಗೆದ ಚಿತ್ರಗಳಲ್ಲಿ ಆ ಜಾಗ ಬಿಸಿಲಿನಲ್ಲೇ ಇತ್ತು. ಸುಮಾರು 150 ಮೀಟರ್ ಅಗಲದ ತಗ್ಗು, ನಡುವೆ ಒಂದು ಸಣ್ಣ ದಿಬ್ಬ, ಅಂಚುಗಳು ಮಸುಕು. ಮೇಲೆ ಹಾರಿದ ಪದಾರ್ಥದಲ್ಲಿ ಸ್ವಲ್ಪ ಅಲ್ಲಿಗೇ ಮರಳಿ ಬಿದ್ದಿದೆ ಎಂದು ತಂಡ ಅರ್ಥೈಸಿತು. ಕುಳಿಯ ನಿಖರ ಅಳತೆಯ ಬಗ್ಗೆ ಆಮೇಲಿನ ವಿಶ್ಲೇಷಣೆಗಳಲ್ಲಿ ಒಮ್ಮತವಿಲ್ಲ.

ನನಗೆ ಕುಳಿಗಿಂತ ಹೆಚ್ಚು ಬೆಲೆಯುಳ್ಳದ್ದೆನಿಸಿದ್ದು ಬೇರೆ. ಒಂದೇ ಧೂಮಕೇತುವಿನ ಮೇಲ್ಮೈಯನ್ನು ಅದು ಸೂರ್ಯನನ್ನು ಒಮ್ಮೆ ಸುತ್ತಿಬರುವ ಮೊದಲೂ ಆಮೇಲೂ ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಯವಾದ ಬಯಲೊಂದರ ಅಂಚಿನ ಕಡಿದಾದ ದಂಡೆ ಕೆಲವೆಡೆ 20–30 ಮೀಟರಿನಷ್ಟು ಹಿಂದೆ ಸರಿದಿತ್ತು. ಧೂಮಕೇತು ಎಲ್ಲ ಕಡೆ ಒಂದೇ ಸಮನೆ ಸವೆಯುವುದಿಲ್ಲ, ದಂಡೆಗಳು ಕುಸಿಯುತ್ತಾ ಸವೆಯುತ್ತದೆ ಎಂಬುದಕ್ಕೆ ಅದು ನೇರ ಸಾಕ್ಷ್ಯ. 2005ರ ಮತ್ತು 2011ರ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಮಕ್ಕಳೇ ವ್ಯತ್ಯಾಸ ಹುಡುಕಲಿ.

ಕೃತ್ತಿಕಾ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಕೆಪ್ಲರನ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸುತ್ತೇನೆ. ಅವರು ಖಂಡಿತ ಕೇಳುವ ಪ್ರಶ್ನೆಯೊಂದು ಉಳಿದಿದೆ. ಅಷ್ಟು ವೇಗದಲ್ಲಿ ಢಿಕ್ಕಿ ಹೊಡೆದದ್ದರಿಂದ ಧೂಮಕೇತುವಿನ ದಾರಿ ಬದಲಾಗಲಿಲ್ಲವೇ? ಅದು ಭೂಮಿಯತ್ತ ತಿರುಗುವ ಅಪಾಯವಿರಲಿಲ್ಲವೇ?

ಗಣಿತದ ಮೇಷ್ಟ್ರು:

ಇದನ್ನೂ ಲೆಕ್ಕವಾಗಿಯೇ ಕೊಡಿ. ಢಿಕ್ಕಿನೌಕೆಯ ಸಂವೇಗ 370 ಕಿಲೋಗ್ರಾಂ ಗುಣಿಸು ಸೆಕೆಂಡಿಗೆ 10,300 ಮೀಟರ್, ಅಂದರೆ ಸುಮಾರು 38 ಲಕ್ಷ ಏಕಮಾನ. ಧೂಮಕೇತುವಿನ ರಾಶಿ ಕೆಲವು ಸಾವಿರ ಕೋಟಿ ಟನ್. ಭಾಗಿಸಿದಾಗ ವೇಗದ ಬದಲಾವಣೆ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿ ಬರುತ್ತದೆ. ಪುರರವಿಯ ದೂರ ಇದರಿಂದ ಸುಮಾರು 10 ಮೀಟರ್ ಕಡಿಮೆಯಾಗಬಹುದೆಂದು ನಾಸಾ ಮೊದಲೇ ಅಂದಾಜಿಸಿತ್ತು. 1881ರಲ್ಲಿ ಗುರು ಸರಿಸಿದ 5 ಕೋಟಿ ಕಿಲೋಮೀಟರಿನ ಪಕ್ಕದಲ್ಲಿ ಈ 10 ಮೀಟರನ್ನು ಬರೆದು ತೋರಿಸಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು. ಪುರರವಿಯೇ ಆಗ 1.5 ಖಗೋಳಮಾನದಲ್ಲಿದ್ದುದರಿಂದ ಅದು ಭೂಮಿಯ ಕಕ್ಷೆಯವರೆಗೆ ಬರುತ್ತಲೂ ಇರಲಿಲ್ಲ.

ದಾರಿ ನಿಜಕ್ಕೂ ಬದಲಾದದ್ದು ಈಚೆಗೆ, ಮತ್ತೆ ಗುರುವಿನಿಂದಲೇ. 2024ರ ಮೇ ತಿಂಗಳಲ್ಲಿ ಧೂಮಕೇತು ಗುರುವಿನಿಂದ ಸುಮಾರು 0.55 ಖಗೋಳಮಾನ ದೂರದಲ್ಲಿ ಹಾದುಹೋಯಿತು. ಪರಿಣಾಮವಾಗಿ ಪುರರವಿ ಸುಮಾರು 1.77 ಖಗೋಳಮಾನಕ್ಕೆ, ಅವಧಿ ಸುಮಾರು 5.98 ವರ್ಷಕ್ಕೆ ಏರಿದೆ. ನಿಮ್ಮ ಪಾಠದಲ್ಲಿ ಐದೂವರೆ ವರ್ಷ ಎಂದು ಬರೆದುಕೊಂಡಿರುವುದನ್ನು ಆರು ವರ್ಷ ಎಂದು ತಿದ್ದಿಕೊಳ್ಳಿ. ಮುಂದಿನ ಪುರರವಿ 2028ರ ಫೆಬ್ರವರಿಯಲ್ಲಿ. ಮೊದಲಿಗಿಂತ ದೂರವಿರುವುದರಿಂದ 1972ರ ಹೊಳಪನ್ನು ನಿರೀಕ್ಷಿಸುವಂತಿಲ್ಲ, ದೊಡ್ಡ ದೂರದರ್ಶಕವೇ ಬೇಕಾಗುತ್ತದೆ.